ಜೋಡಿ ಗೋಡೆ

ಕೊಟ್ಟೂರಿನ ಉಜ್ಜಿನಪ್ಪನ ಮನೆಯಲ್ಲಿ ಬೇಸಿಗೆ ಬಂತೆಂದರೆ ಗೋಡೆಗೆ ಬೆನ್ನು ಕೊಟ್ಟು ಕೂರುವ ಹಾಗಿರಲಿಲ್ಲ. ಹಿತ್ತಿಲಿಗೆ ಅಂಟಿಕೊಂಡೇ ಮಂಡಕ್ಕಿ ಭಟ್ಟಿ. ಕೋಳಿ ಕೂಗುವ ಮೊದಲು ಹೊತ್ತಿಸಿದ ಒಲೆ ಸೂರ್ಯ ನೆತ್ತಿಗೆ ಬರುವವರೆಗೂ ಉರಿಯುತ್ತಿತ್ತು. ಹೊರಗೆ ಬಿಸಿಲು, ಹಿಂದೆ ಭಟ್ಟಿ, ನಡುವೆ ಬೇಯುವವರು ಮನೆಮಂದಿ. ಹೊಸ ಮನೆಯ ಮಾತು ಹುಟ್ಟಿ ಎಷ್ಟೋ ವರ್ಷವಾಗಿ, ಕೊನೆಗೆ ತೊಂಬತ್ತೆಂಟರ ಸಂಕ್ರಾಂತಿ ಕಳೆದ ಮೇಲೆ ಹರಪನಹಳ್ಳಿ ರಸ್ತೆಯ ಸೈಟಿನಲ್ಲಿ ಪಾಯ ಬಿತ್ತು. ಕಂಟ್ರಾಕ್ಟರಿಗೆ ಕೊಡುವುದು ಬೇಡ, ಒಬ್ಬ ಗೌಂಡಿ ಸಾಕು, ಉಳಿದದ್ದಕ್ಕೆ ಮನೆಯವರದೇ ಕೈಕಾಲು ಎಂದು ಉಜ್ಜಿನಪ್ಪ ಹೇಳಿದ್ದ.

ಗೋಡೆ ಯಾವುದರಲ್ಲಿ ಕಟ್ಟಬೇಕು ಎಂಬ ಮಾತು ಎದ್ದದ್ದು ಒಂದು ಮಧ್ಯಾಹ್ನ, ಊಟಕ್ಕೆ ಕೂತಾಗ.

"ಅಪ್ಪಾಜಿ, ಒಂದು ಗೋಡಿ ಬ್ಯಾಡ. ಎರಡು ಕಟ್ಟೋಣ," ಎಂದ ಕಿರಿಮಗ ಅಮರೇಶ, ರೊಟ್ಟಿ ಮುರಿಯುತ್ತ.

"ಯಾಕೋ, ಒಂದು ಬಿದ್ರ ಇನ್ನೊಂದಿರ್ಲಿ ಅಂತೇನು?" ಹಿರಿಮಗ ಕೊಟ್ರಸ್ವಾಮಿ ನಕ್ಕ.

ಅಮರೇಶ ಹೊಸಪೇಟೆಯಲ್ಲಿ ಒಬ್ಬ ಕಂಟ್ರಾಕ್ಟರನ ಕೈಕೆಳಗೆ ಕೆಲಸ ನೋಡಿಕೊಂಡು ಬಂದವನು. ಅಣ್ಣನ ನಗುವಿಗೆ ಸೋಲಲಿಲ್ಲ. "ಹೊರಗೊಂದು ಗೋಡಿ, ಒಳಗೊಂದು ಗೋಡಿ. ನಡುವ ಎರಡು ಇಂಚು ಖಾಲಿ. ಹೊರಗಿಂದು ಬಿಸಿಲು ಕುಡಿತೈತಿ, ನಡುವಿನ ಗಾಳಿ ಅದನ್ನ ಒಳಗ ಬಿಡಂಗಿಲ್ಲ. ಅಲ್ಲಲ್ಲಿ ಕಬ್ಬಿಣದ ಕೊಂಡಿ ಹಾಕಿ ಎರಡನ್ನೂ ಹಿಡಿದು ನಿಲ್ಲಸ್ತಾರ. ಸಿಮೆಂಟ್ ಬ್ಲಾಕಿನಾಗ ಭೇಷಿ ಆಕ್ಕೈತಿ."

"ಟೊಳ್ಳು ಗೋಡಿಗೆ ಮೊಳಿ ನಿಂದರತೈತೇನೋ?" ತಾಯಿ ಶಿವಬಸಮ್ಮ ಪುಂಡಿಪಲ್ಯ ಬಡಿಸುತ್ತ ಕೇಳಿದಳು. "ದೇವರ ಫೋಟಾ ಎಲ್ಲಿ ಹಾಕ್ಲಿ, ನಿನ್ನ ಕೊಳ್ಳಾಗೇನು?"

ಎಲ್ಲರೂ ನಕ್ಕರು. ಉಜ್ಜಿನಪ್ಪ ನಗಲಿಲ್ಲ. ತುತ್ತು ಕೈಯಲ್ಲಿ ಹಿಡಿದೇ ಕೇಳಿದ: "ನಡುವಿನ ಜಾಗ ಯಾರದು?"

"ಯಾರದೂ ಅಲ್ಲ ಅಪ್ಪಾಜಿ. ಗಾಳೀದು."

ಉಜ್ಜಿನಪ್ಪ ಹೂಂ ಎಂದ. ಅವರು ಕೂತಿದ್ದ ಹಳೆಯ ಮನೆಗೂ ಪಕ್ಕದ ಮನೆಗೂ ಇದ್ದದ್ದು ಒಂದೇ ಗೋಡೆ, ಪಕ್ಕದ ಮನೆ ಅವನ ಅಣ್ಣ ಮರುಳಪ್ಪನದು. ಪಾಲಾದ ವರ್ಷವೇ ಉಜ್ಜಿನಪ್ಪ ಅಂಗಿ ತೂಗುಹಾಕಲು ಒಂದು ಗೂಟ ಹೊಡೆದಿದ್ದ. ಅದು ಮಣ್ಣಗೋಡೆ ತೂರಿ ಅಣ್ಣನ ಮನೆಯ ದೇವರ ದೀಪವಿಡುವ ಮಾಡದೊಳಗೆ ಮೂತಿ ಹಾಕಿತ್ತು. "ನನ್ನ ದೇವರಿಗೆ ಗೂಟ ಹೊಡದ" ಎಂದು ಮರುಳಪ್ಪ ಓಣಿಯಲ್ಲಿ ನಿಂತು ಕೂಗಿದ್ದ. ಅಲ್ಲಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಮರುಳಪ್ಪ ಸತ್ತಾಗ ಉಜ್ಜಿನಪ್ಪ ಭಟ್ಟಿಯ ಮುಂದಿನಿಂದ ಎದ್ದಿರಲಿಲ್ಲ. ಈಗ ಹೊಸ ಮನೆಗೆ ಜೋಡಿ ಗೋಡೆ ಎಂದಾಗ ಆತ ಒಪ್ಪಿದ್ದು ತಂಪಿನ ಆಸೆಗೆ ಎಂದೇ ಎಲ್ಲರೂ ತಿಳಿದರು.

ಒಲೆಯ ಹತ್ತಿರ ರೊಟ್ಟಿ ಬಡಿಯುತ್ತಿದ್ದ ಹಾಲಮ್ಮನೂ ಹಾಗೆಯೇ ತಿಳಿದಳು. ಹಾಲಮ್ಮ ಈ ಮನೆಯ ಹಿರಿಮಗಳು. ಹಿರೇಹಡಗಲಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಕರೆತಂದು ಅದೇ ಮಂಚದ ಮೇಲೆ ಕೂರಿಸಿದ ದಿನ ಸೀರೆಯ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದವಳು, ಮತ್ತೆ ಹೋಗಲಿಲ್ಲ. ತವರಿನಲ್ಲಿ ಅವಳ ಹಾಸಿಗೆ ಮಂಡಕ್ಕಿ ಚೀಲಗಳ ಸಂದಿಯಲ್ಲಿ. ಭಟ್ಟಿಗೆ ಹೋಗುವವರು ದಾಟಿ ಹೋಗುವ ಮೊದಲು ಏಳಬೇಕು, ಬಂದವರೆಲ್ಲ ಎದ್ದುಹೋದ ಮೇಲೆ ಮಲಗಬೇಕು. ಪಾಯ ಹಾಕಿದ ದಿನ ಉಜ್ಜಿನಪ್ಪ ಸುಣ್ಣದ ಗೆರೆಯ ನಡುವೆ ನಿಂತು, "ಇದು ಹಾಲಮ್ಮನ ಖೋಲಿ" ಎಂದಿದ್ದ. ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿಗೆ ಏಳುಪ್ಪರಿಗೆಯ ಅರಮನೆ ಇರುತ್ತಿತ್ತು. ಹಾಲಮ್ಮನಿಗೆ ಅಷ್ಟು ಬೇಕಿರಲಿಲ್ಲ. ಒಂದು ಖೋಲಿ, ಅದಕ್ಕೊಂದು ಬಾಗಿಲು, ಬಾಗಿಲಿಗೆ ಒಳಗಿನಿಂದ ಹಾಕುವ ಅಗಳಿ.

ಬ್ಲಾಕು ಆರಿಸಲು ಹಗರಿಬೊಮ್ಮನಹಳ್ಳಿ ರಸ್ತೆಯ ಬ್ಲಾಕಿನ ಅಂಗಳಕ್ಕೆ ಹೋದಾಗ ಅಣ್ಣತಮ್ಮಂದಿರು ಹಾಲಮ್ಮನನ್ನೂ ಕರೆದೊಯ್ದರು. ಮುಂದೆ ಗೋಡೆಗೆ ನೀರು ಹಾಕುವವಳು ಅವಳೇ ತಾನೆ. ಅಂಗಳದ ತುಂಬ ಬೂದುಬಣ್ಣದ ಸಾಲುಗಳು. ಅಚ್ಚಿನಿಂದ ಬಿಡಿಸಿದ ಬ್ಲಾಕುಗಳಿಗೆ ಓಬಮ್ಮ ಎಂಬ ಗಟ್ಟಿಮುಟ್ಟಾದ ಹೆಂಗಸು ಪೈಪಿನಿಂದ ನೀರು ಹೊಡೆಯುತ್ತಿದ್ದಳು.

"ಟೊಳ್ಳು ಬ್ಲಾಕು ಸಾಕು," ಎಂದ ಕೊಟ್ರಸ್ವಾಮಿ. "ಹಗುರ, ಲಗೂನ ಏಳತೈತಿ."

"ಅಣ್ಣಾ, ಹೊರಗಿನ ಗೋಡಿಗೆ ಟೊಳ್ಳು ಹಾಕಿದ್ರ ಮಳಿ ನೀರು ಇಳಿತೈತಿ. ಗಟ್ಟೀದ ಬೇಕು."

"ಹೊಸಪೇಟ್ಯಾಗ ನೀ ಒಂದು ಬಾತ್‌ರೂಮ್ ಕಟ್ಟಿಸಿದ್ಯಂತಲ್ಲ, ಅದಕ್ಕೇನು ಹಾಕಿದ್ದಿ? ಬಾಗಲಾ ಹಚ್ಚೋದು ಮರ್ತಿದ್ಯಂತ!"

"ಅದು ನಾ ಅಲ್ಲ, ಬಡಿಗೇರ!"

ಅವರ ಜಗಳ ಸಾಗಿರುವಾಗ ಹಾಲಮ್ಮ ಸಾಲಿನ ಉದ್ದಕ್ಕೂ ನಡೆದು ಒಂದೊಂದನ್ನು ಬೆರಳಗಂಟಿನಿಂದ ತಟ್ಟುತ್ತ ಹೋದಳು. ಕೆಲವು ಠಣ್ ಎಂದವು, ಕೆಲವು ಡಬ್ಬೆಂದು ಸುಮ್ಮನಾದವು.

"ಡಬ್ ಅನ್ನೋವು ಬ್ಯಾಡವ್ವ," ಓಬಮ್ಮ ದನಿ ತಗ್ಗಿಸಿ ಹೇಳಿದಳು. "ಮೊನ್ನೆ ತಗದಾವು, ಇನ್ನ ಹಸೀವು. ಗೋಡ್ಯಾಗ ಕುಂತು ಒಣಗಿದ್ರ ಬಿರಕು ಬಿಡ್ತಾವ. ಮಾಲಕ ಕೇಳಿದ್ರ ನಾ ಹೇಳಿಲ್ಲ ಮತ್ತ."

ಕೊನೆಗೆ ಹಾಲಮ್ಮನೇ ತೀರ್ಮಾನ ಹೇಳಿದಳು. "ಹೊರಗ ಗಟ್ಟೀವು ಹಾಕ್ರಿ, ಬಿಸಿಲು ಮಳಿ ತಿನ್ನೋದು ಅದು. ಒಳಗ ಟೊಳ್ಳು. ದೇವರ ಮೂಲಿಗೆ ಮಾತ್ರ ಒಳಗೂ ಗಟ್ಟಿ, ಅವ್ವನ ಮೊಳಿಗೆ."

ಇಬ್ಬರಿಗೂ ಸೋತಂತಾಗಲಿಲ್ಲ. ಒಪ್ಪಿದರು.

ಮಾಘ ಕಳೆದು ಬಿಸಿಲು ಏರುತ್ತಿದ್ದಂತೆ ಗೋಡೆಯೂ ಏರಿತು. ಬೆಳಗಿನ ಭಟ್ಟಿ ಮುಗಿಸಿ ಹಾಲಮ್ಮ ರೊಟ್ಟಿಯ ಬುಟ್ಟಿ ಹೊತ್ತು ಸೈಟಿಗೆ ಹೋಗುವಳು. ಗೌಂಡಿ ಯರ್ರೆಪ್ಪ ಬ್ಲಾಕು ಕೂರಿಸುತ್ತ ಹೋದ ಹಾಗೆ ಎರಡು ಗೋಡೆಗಳ ಸಂದಿಗೆ ಕಲಸಿದ ಸಿಮೆಂಟು ಉದುರುತ್ತಿತ್ತು. ಅದು ಅಲ್ಲೇ ಕಟ್ಟಿಕೊಂಡರೆ ಹೊರಗಿನ ಹಸಿ ಒಳಗೋಡೆಗೆ ದಾಟುತ್ತದೆ, ಎರಡು ಗೋಡೆ ಕಟ್ಟಿದ್ದು ದಂಡ. ಆ ಸಂದಿಯಲ್ಲಿ ಇಳಿಯುತ್ತಿದ್ದದ್ದು ಹಾಲಮ್ಮನ ತೆಳ್ಳನೆಯ ಕೈಯೊಂದೇ. ಮೊಣಕೈವರೆಗೆ ತೂರಿಸಿ ಉಂಡೆಗಳನ್ನು ಹೆಕ್ಕಿ ತೆಗೆಯುವಳು. ಸಿಮೆಂಟು ತಿಂದು ಬೆರಳ ಸಂದುಗಳಲ್ಲಿ ಗಾಯವಾಗಿ, ರೊಟ್ಟಿ ಬಡಿಯುವಾಗ ಹಿಟ್ಟಿಗೆ ರಕ್ತ ಹತ್ತಬಾರದೆಂದು ಅರಿವೆ ಸುತ್ತಿಕೊಳ್ಳುತ್ತಿದ್ದಳು.

"ಅಕ್ಕಾರ, ಈ ಮನಿ ಅರ್ಧ ನೀವ ಕಟ್ಟಿದಂಗ," ಎನ್ನುತ್ತಿದ್ದ ಯರ್ರೆಪ್ಪ.

"ಅರ್ಧ ಯಾರಿಗೆ ಬೇಕು ಯರ್ರೆಪ್ಪಣ್ಣ? ನನ್ನ ಖೋಲಿಗೆ ಮೂಡಣಕ್ಕ ಒಂದು ಕಿಟಕಿ ಬಿಡು, ಸಾಕು."

ಅಷ್ಟರಲ್ಲಿ ಅಮರೇಶನಿಗೆ ದಾವಣಗೆರೆಯಲ್ಲಿ ಹೆಣ್ಣು ಗೊತ್ತಾಯಿತು. ಬೀಗರು ಮನೆ ನೋಡಲು ಬಂದವರು ಹಳೆಯ ಮನೆಯಲ್ಲಿ ಮಿರ್ಚಿ ಮಂಡಕ್ಕಿ ತಿಂದು, ಹೊಸ ಮನೆಯ ಅರೆಗೋಡೆಗಳನ್ನು ಸುತ್ತಿ ನೋಡಿ ಹೋದರು. ಅವರು ಹೋದ ಮೇಲೆ ತಂದೆ ಮಕ್ಕಳು ಮೂವರೂ ಕಟ್ಟೆಯ ಮೇಲೆ ಕೂತು ಮೆಲ್ಲಗೆ ಮಾತಾಡಿದರು. ಹಾಲಮ್ಮ ಚಹಾ ತಂದಾಗ ಮಾತು ಮಳೆಯ ಕಡೆಗೆ ಹೊರಳಿತು.

ಮರುವಾರ ಯರ್ರೆಪ್ಪ ಒಳಗಿನ ನಡುಗೋಡೆಗೆ ದಾರ ಕಟ್ಟುತ್ತಿದ್ದ. ಒಂದು ದಾರವಲ್ಲ, ಎರಡು.

"ಇದೂ ಜೋಡೀನ?" ಹಾಲಮ್ಮ ಕೊಡ ಇಳಿಸಿ ಕೇಳಿದಳು. "ಒಳಗ ಬಿಸಿಲೆಲ್ಲೈತಿ?"

ಅಮರೇಶ ದಾರದ ಗಂಟನ್ನು ನೋಡುತ್ತ ಹೇಳಿದ, "ಸಪ್ಪಳ ಕೇಳಬಾರದಂತ, ಅಕ್ಕ."

"ಯಾರ ಸಪ್ಪಳ ಯಾರಿಗೆ?"

ಅವನು ಉತ್ತರ ಕೊಡುವ ಮೊದಲೇ ಉಜ್ಜಿನಪ್ಪ ಬಂದು ತನ್ನ ಕೈಯನ್ನು ದಾರದಿಂದ ದಾರಕ್ಕೆ ಇಟ್ಟು ಅಳೆದ. "ಯರ್ರೆಪ್ಪ, ಇಷ್ಟ ಸಾಲಂಗಿಲ್ಲ. ಒಂದು ಮೊಳ ಬಿಡು."

"ಒಂದು ಮೊಳ ಬಿಟ್ರ ಅದು ಓಣಿ ಆಕ್ಕೈತ್ರಿ ಸಾವ್ಕಾರ್ರ! ಎರಡು ಇಂಚು ಸಾಕು. ಕೊಂಡೀನೂ ಮುಟ್ಟಂಗಿಲ್ಲ."

"ಕೊಂಡಿ ಬ್ಯಾಡ."

"ಹಂಗ ಬಿಟ್ರ ಅವು ಬ್ಯಾರೆ ಬ್ಯಾರೆ ಗೋಡಿರಿ."

"ಬ್ಯಾರೆ ಬ್ಯಾರೇನ ಬೇಕು. ಹೇಳಿದಂಗ ಮಾಡು."

ಯರ್ರೆಪ್ಪ ಗೂಟ ಕಿತ್ತು ದೂರ ನೆಟ್ಟ. ಸರಿದ ದಾರ ಹಾಲಮ್ಮನ ಖೋಲಿಯ ಮೇಲೆ ಬಂದು ನಿಂತಿತು. ಖೋಲಿ ಸಣ್ಣದಾದರೂ ಆಗಲಿ, ಹಾಸಿಗೆ ಹಿಡಿದರೆ ಸಾಕು ಎಂದುಕೊಂಡು ಅವಳು ಕೊಡ ಎತ್ತಿಕೊಂಡಳು. ಆಗ ಯರ್ರೆಪ್ಪ ಅದೇ ಖೋಲಿಯ ಮೂಲೆ ತೋರಿಸಿ ಉಜ್ಜಿನಪ್ಪನನ್ನು ಕೇಳಿದ: "ಇಲ್ಲಿ ಹೊಗಿಕಂಡಿ ಯಾ ಕಡೆ ಬಿಡ್ಲಿರಿ?"

"ಮಲಗೋ ಖೋಲಿಗೆ ಹೊಗಿಕಂಡಿ ಯಾಕ?" ಎಂದಳು ಹಾಲಮ್ಮ.

ಯರ್ರೆಪ್ಪ ಅವಳನ್ನು ನೋಡಿದ, ಸಾವ್ಕಾರನನ್ನು ನೋಡಿದ, ಕರಣೆ ತೊಳೆಯಲು ನೀರಿನ ತೊಟ್ಟಿಯ ಕಡೆ ಹೋದ. ಅಮರೇಶ ಆಗಲೇ ಸೈಕಲ್ ಹತ್ತಿದ್ದ.

ಅಂದು ಊಟಕ್ಕೆ ನವಣೆ ಅನ್ನ, ಹುಳಿಸಾರು. ಎಲ್ಲರಿಗೂ ಬಡಿಸಿದ ಮೇಲೆ ಹಾಲಮ್ಮ ನಿಂತೇ ಕೇಳಿದಳು.

"ಅವ್ವ, ನನ್ನ ಖೋಲ್ಯಾಗ ಒಲಿ ಹೂಡ್ತಾರಂತ. ನಿನಗ ಗೊತ್ತಿತ್ತೇನು?"

ಶಿವಬಸಮ್ಮ ಸಾರಿನ ಪಾತ್ರೆಯನ್ನು ಸುಮ್ಮನೆ ಕದಡಿದಳು. ಗೊತ್ತಿತ್ತು.

"ಅಕ್ಕ, ಸಿಟ್ಟಾಗಬ್ಯಾಡ," ಎಂದ ಅಮರೇಶ. "ಮನಿ ಎರಡು ಭಾಗ ಮಾಡಿ ಬ್ಯಾರೆ ಅಡಿಗಿಮನಿ ಇಟ್ರಷ್ಟ ಹೆಣ್ಣು ಕೊಡ್ತೀವಿ ಅಂದಾರ ಬೀಗರು. ನಾ ಏನ್ಮಾಡ್ಲಿ?"

"ಅವರಿಗೆ ಅಡಿಗಿಮನಿ ಕೊಡು. ನನ್ನ ಖೋಲಿ ಯಾಕ ಕೊಟ್ಟಿ?"

"ಮತ್ತೆಲ್ಲೈತಿ ಜಾಗ? ನಡುವ ಒಂದು ಮೊಳ ಅಪ್ಪಾಜಿ ತಿಂದ್ರು."

"ನಾ ತಿಂದಿಲ್ಲಲೇ!" ಉಜ್ಜಿನಪ್ಪನ ದನಿ ಏರಿತು. "ನಿಮ್ಮ ಸಲುವಾಗಿ ಬಿಟ್ಟೀನಿ. ನಾಳೆ ಇವನ ಮೊಳಿ ಅವನ ಗೋಡ್ಯಾಗ ಬಂತಂತ ಒಬ್ಬರ ಹೆಣಕ್ಕ ಒಬ್ಬರು ಹೋಗದಂಗ ಆಗಬಾರದು. ಇವನ ಗೋಡಿ ಇವಂದು, ಅವನ ಗೋಡಿ ಅವಂದು. ನಡುವ ನಾ ಅದೀನಂತ ತಿಳಕೋರಿ."

"ಹಂಗಾರ ಅಕ್ಕ ಎಲ್ಲಿರ್ತಾಳ?" ಕೊಟ್ರಸ್ವಾಮಿ ಈಗಷ್ಟೇ ನೆನಪಾದವನಂತೆ ಕೇಳಿದ.

"ನಿನ್ನ ಕಡೆ ನಡುಮನಿ ದೊಡ್ಡದೈತಲ್ಲ," ಎಂದ ತಮ್ಮ.

ಒಳಗಿನಿಂದ ಕೊಟ್ರಸ್ವಾಮಿಯ ಹೆಂಡತಿ ಸುಮಲತಾಳ ಮಾತು ಬಂತು. "ಆ ನಡುಮನ್ಯಾಗ ಮಾವಾರು ಅತ್ತಿ ಮಲಗ್ತಾರ. ನನ್ನ ತವರಿನವರು ಬಂದ್ರ ಅಂಗಳದಾಗ ಹಾಕ್ಲೇನು? ಹೊಸ ಮದಿಮಗನ ಕಡೆ ಇನ್ನ ಮಕ್ಕಳಿಲ್ಲ ಮರಿಯಿಲ್ಲ, ಬೇಕಾದಷ್ಟು ಜಾಗ."

"ಹೊಸ ಸೊಸಿ ಬರೋ ಮನ್ಯಾಗ ಅಕ್ಕನ್ನ ಎಲ್ಲಿ ಮಲಗಿಸ್ಲಿ ಅತ್ತಿಗಿ? ಅಡಿಗಿಮನ್ಯಾಗೇನು?"

"ಯಾಕ ಬ್ಯಾಡ? ಅದು ಆಕಿ ಖೋಲಿನ ಅಲ್ಲೇನು!"

ಶಿವಬಸಮ್ಮ ನಡುವೆ ಬಂದಳು. "ಬಾಯಿ ಮುಚ್ಚರಿ. ಎರಡೂ ಕಡೆ ಆಕೀದ ಮನಿ. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಏನವ್ವಾ ಹಾಲಮ್ಮ?"

"ಭಟ್ಟಿ ಬೆಕ್ಕಿನಂಗಾ?" ಎಂದಳು ಹಾಲಮ್ಮ. "ಅದಾದ್ರ ಮರೀ ಕಚ್ಚಿಕೊಂಡು ತಿರುಗತೈತಿ. ನಾ ಏನ್ ಕಚ್ಚಿಕೊಳ್ಳಲಿ ಅವ್ವ, ಹಾಸಿಗಿನ? ಅಪ್ಪಾಜಿ, ಪಾಯದಾಗ ನಿಂತು ಹೇಳಿದವರು ನೀವು."

ಉಜ್ಜಿನಪ್ಪ ಕೈ ತೊಳೆದುಕೊಂಡ. "ನಿನಗೂ ಒಂದು ಮನಿ ನೋಡಿ ಕೊಟ್ಟಿದ್ನಲ್ಲ. ಅಲ್ಲಿ ನಿಂದರಾಕ ಆಗಲಿಲ್ಲ ನಿನಗ. ಮೂರನೇ ಮನಿ ಎಲ್ಲಿಂದ ತರ್ಲಿ?"

ಹಾಲಮ್ಮ ತನಗೆಂದು ಇಟ್ಟುಕೊಂಡಿದ್ದ ಅನ್ನವನ್ನು ಮತ್ತೆ ಪಾತ್ರೆಗೆ ಸುರಿದು, ತಟ್ಟೆ ತೊಳೆದು ಬೋರಲು ಹಾಕಿದಳು.

ಮರುದಿನದಿಂದ ಅವಳು ಭಟ್ಟಿಯ ಕೆಲಸ ಬಿಡಲಿಲ್ಲ, ರೊಟ್ಟಿ ಬಡಿಯುವುದು ಬಿಡಲಿಲ್ಲ. ಸೈಟಿಗೆ ಹೋಗುವುದೊಂದನ್ನು ಬಿಟ್ಟಳು. ಹೊಸದಾಗಿ ಎದ್ದ ನಡುಗೋಡೆಗೆ ನೀರು ಬೇಕಿತ್ತು, ಫಾಲ್ಗುಣದ ಬಿಸಿಲು ಬೇರೆ. ಸುಮಲತಾ ಎರಡು ದಿನ ನೋಡಿ, ಸೆರಗು ಕಟ್ಟಿಕೊಂಡು ಹೋಗಿ, ತನ್ನ ಕಡೆಯ ಗೋಡೆಗಷ್ಟೇ ನೀರು ಹಾಕಿ ಬಂದಳು.

"ಆ ಕಡೀದು?" ಶಿವಬಸಮ್ಮ ಕೇಳಿದಳು.

"ಆ ಕಡೆಯವ್ರು ದಾವಣಗೆರಿಯಿಂದ ಬಂದು ಹಾಕ್ಕೊಂತಾರ, ಅತ್ತಿ."

ಅಮರೇಶ ಪ್ಯಾಂಟು ಮಡಚಿ ಒಂದು ದಿನ ಕೊಡ ಹೊತ್ತ. ಸಂಜೆ ಸೊಂಟ ಹಿಡಿದುಕೊಂಡು ಮಲಗಿದ. ಯರ್ರೆಪ್ಪ ಮನೆಗೇ ಬಂದು ಹೇಳಿದ, "ಸಾವ್ಕಾರ್ರ, ಒಂದು ಗೋಡಿ ಹಸಿ, ಒಂದು ಗೋಡಿ ಒಣ. ಸಣ್ಣಸೊಸಿ ಕಾಲಿಡೋದರಾಗ ಆಕಿ ಗೋಡಿ ಬಿರಿತೈತಿ. ಆಮ್ಯಾಲೆ ನನ್ನ ಬೈಬ್ಯಾಡ್ರಿ."

ಉಜ್ಜಿನಪ್ಪ ಭಟ್ಟಿಗೆ ಬಂದು ಮಗಳ ಎದುರು ಕುಕ್ಕರಗಾಲಲ್ಲಿ ಕೂತ. ಸಿಡಿಯುವ ಮಂಡಕ್ಕಿಯನ್ನು ಅವಳು ಜರಡಿಗೆ ಬಾಚುತ್ತಿದ್ದಳು. ಆತ ಹೇಳಿದ, "ನಡೀ, ಸೈಟಿಗೆ ಬಾ. ಒಂದು ದಾರಿ ಐತಿ."

ಎಲ್ಲರೂ ಹೋದರು. ಎದೆಮಟ್ಟ ಎದ್ದ ಎರಡು ಗೋಡೆಗಳ ನಡುವಿನ ಸಂದಿ ಹಿತ್ತಿಲವರೆಗೂ ಉದ್ದಕ್ಕೆ ಚಾಚಿಕೊಂಡಿತ್ತು.

"ಇದು ಒಂದು ಮೊಳ ಐತಿ," ಎಂದ ಉಜ್ಜಿನಪ್ಪ. "ಹಿಂದಿನ ಭಾಗದಾಗ ಆ ಕಡೆ ಒಂದು ಮೊಳ, ಈ ಕಡೆ ಒಂದು ಮೊಳ ಸರಿಸಿ ಕಟ್ಟಿದ್ರ ಒಂದು ಹಾಸಿಗಿ ಹಿಡಿತೈತಿ. ಮ್ಯಾಲೆ ಶೀಟು ಹಾಕ್ಸತೀನಿ. ಹಿತ್ತಲಕಡೆ ಬಾಗಲಾ ಇಡ್ಸತೀನಿ. ಹಾಲಮ್ಮ ಅಲ್ಲಿರ್ತಾಳ."

ಹಾಲಮ್ಮ ಸಂದಿಯೊಳಗೆ ನೋಡಿದಳು. ಕಿಟಕಿ ಇಡಲು ಎಲ್ಲಿಯೂ ಗೋಡೆ ಇರಲಿಲ್ಲ. ಎರಡೂ ಗೋಡೆ ತಮ್ಮಂದಿರವು. ಆದರೂ ಅವಳು, "ಬಾಗಲಕ್ಕ ಒಳಗಿಂದ ಅಗಳಿ ಇಡ್ಸತೀರೇನು?" ಎಂದಳು.

"ಇಡ್ಸತೀನಿ."

"ಹಂಗಾರ ಆತು."

ಉಜ್ಜಿನಪ್ಪ ಮಕ್ಕಳ ಕಡೆ ತಿರುಗಿದ. "ಏನಂತೀರಿ?"

ಕೊಟ್ರಸ್ವಾಮಿ ತಲೆ ಕೆರೆದುಕೊಂಡ. "ನನ್ನ ಕಡೆ ದೇವರ ಮೂಲಿ ಬರ್ತೈತಿ ಅಪ್ಪಾಜಿ. ಅದನ್ನ ಒಡಿಯೋದು ಸರಿಯಲ್ಲ. ಎರಡೂ ಮೊಳ ಅಮರೇಶನ ಕಡೆಯಿಂದ ತಗೋರಿ."

"ನನ್ನ ಅಡಿಗಿಮನಿ ಈಗ ಗೂಡಿನಂಗೈತಿ!" ಎಂದ ಅಮರೇಶ. "ಎರಡು ಮೊಳ ಹೋದ್ರ ಒಲಿ ಎಲ್ಲಿಡ್ಲಿ? ಬೀಗರು ಅಳತಿ ನೋಡಿ ಹೋಗ್ಯಾರ. ಅಣ್ಣ ಒಂದು ಕೊಟ್ರ ನಾನೂ ಒಂದು ಕೊಡ್ತೀನಿ."

"ಮೊದ್ಲು ನೀ ಕೊಡು."

"ಹಿರಿಯಾಂವ ನೀನು. ಮೊದ್ಲು ನೀ ಕೊಡು."

"ಲೇ, ಒಂದು ಮೊಳಕ್ಕ ಹಿಂಗ ಮಾಡ್ತೀರಲ್ಲ! ನಿಮ್ಮನ್ನ ಎತ್ತಿ ಆಡಿಸ್ಯಾಳಲೇ ಆಕಿ," ಎಂದಳು ಶಿವಬಸಮ್ಮ.

ಸುಮಲತಾ ಗಂಡನ ಅಂಗಿಯ ತುದಿ ಹಿಡಿದು ಎಳೆದಳು. ಕೊಟ್ರಸ್ವಾಮಿ, "ನೋಡೋಣ ತಗೋ," ಎಂದ. ಅಮರೇಶನೂ, "ನೋಡೋಣ," ಎಂದ. ಉಜ್ಜಿನಪ್ಪ ಬೈಯಲು ಬಾಯಿ ತೆರೆದ. ತಾನೇ ಹಾಕಿಸಿದ ಗೋಡೆಗಳು ಎದುರಿಗಿದ್ದವು, ಒಬ್ಬೊಬ್ಬನು ತನ್ನ ತನ್ನ ಗೋಡೆಯ ಮೇಲೆ ಕೈಯಿಟ್ಟು ನಿಂತಿದ್ದ. ಆತ ಹಿತ್ತಿಲ ಕಡೆ ನಡೆದುಬಿಟ್ಟ.

ನೋಡೋಣ ಎಂದದ್ದನ್ನು ಯಾರೂ ನೋಡಲಿಲ್ಲ. ಯರ್ರೆಪ್ಪ ವಾರವಿಡೀ ಕಾದ. ಮತ್ತೆ ಯಾರೂ ಏನೂ ಹೇಳದ್ದರಿಂದ ಗೋಡೆಗಳನ್ನು ಇದ್ದ ದಾರಕ್ಕೇ ಎಬ್ಬಿಸುತ್ತ ಹೋದ.

ಯುಗಾದಿಯ ಮುಂಚೆ ಬ್ಲಾಕಿನ ಕೊನೆಯ ಲೋಡು ಬಂತು. ಟ್ರ್ಯಾಕ್ಟರಿನ ಜೊತೆ ಓಬಮ್ಮನೂ ಇಳಿಸಲು ಬಂದಿದ್ದಳು. ಹಾಲಮ್ಮ ಬಹಳ ದಿನಗಳ ಮೇಲೆ ಸೈಟಿಗೆ ಬಂದು, ಅವಳ ಜೊತೆ ಬ್ಲಾಕು ಹಿಡಿದು ಸಾಲಿಡುತ್ತ ಕೇಳಿದಳು.

"ನಿಮ್ಮಲ್ಲಿ ನೀರು ಹಾಕಾಕ ಹೆಣ್ಣಾಳು ಬೇಕೇನು?"

"ಬೇಕಾಗೇತವ್ವ. ಯಾರಿಗೆ?"

"ನನಗ."

ಓಬಮ್ಮ ನಕ್ಕಳು. ಹಾಲಮ್ಮ ನಗದಿರುವುದು ನೋಡಿ ನಿಲ್ಲಿಸಿದಳು. "ಸಾವ್ಕಾರ್ರ ಮಗಳು ನೀನು. ಅಲ್ಲಿ ಇರಾಕ ಏನೈತಿ? ಸಿಮೆಂಟಿನ ಚೀಲ ಇಡೋ ಖೋಲಿ ಒಂದೈತಿ. ಅರ್ಧ ಚೀಲ, ಅರ್ಧ ಖಾಲಿ. ಧೂಳಿಗೆ ಉಸುರು ಕಟ್ಟತೈತಿ."

"ಬಾಗಲಾ ಐತೇನು?"

"ಐತಿ. ಸಿಮೆಂಟಿಗೆ ಬಾಗಲಿಲ್ಲದ ಬಿಡ್ತಾರೇನು?"

ಹಾಲಮ್ಮ ಹಳೆಯ ಮನೆಗೆ ಹೋಗಿ ಸೀರೆಯ ಗಂಟು ಕಟ್ಟಿಕೊಂಡು ಬಂದಳು. ಹಿಂದೆಯೇ ಶಿವಬಸಮ್ಮ ಬರಿಗಾಲಲ್ಲಿ ಬಂದಳು, ಕೈಯಲ್ಲಿ ಅವಸರಕ್ಕೆ ಸುತ್ತಿದ ರೊಟ್ಟಿಯ ಬುತ್ತಿ. ಟ್ರ್ಯಾಕ್ಟರಿನ ಹಿಂದಿನ ತೊಟ್ಟಿಯಲ್ಲಿ ಓಬಮ್ಮನ ಪಕ್ಕ ಮಗಳು ಕೂತದ್ದು ಕಂಡು ಅಂಚನ್ನು ಹಿಡಿದು ನಿಂತಳು.

"ಇಳಿ ಕೆಳಗ. ಇಳೀಯೇ! ಕೂಲಿಗೆ ಹೋಗ್ತಿಯೇನು? ನಿಮ್ಮಪ್ಪ ಓಣ್ಯಾಗ ತಲಿ ಎತ್ತಂಗಿಲ್ಲ."

"ಇಲ್ಲೂ ಅದ ಕೆಲಸ ಮಾಡಿದ್ನಲ್ಲವ್ವ."

"ಇದು ಮನಿ ಕೆಲಸ."

"ಯಾರ ಮನೀದು?"

ಶಿವಬಸಮ್ಮನ ಕೈ ಅಂಚಿನಿಂದ ಸಡಿಲವಾಯಿತು. ಬುತ್ತಿಯನ್ನು ಮಗಳ ಮಡಿಲಿಗೆ ಹಾಕಿ ಸಣ್ಣ ದನಿಯಲ್ಲಿ ಕೇಳಿದಳು, "ಗೃಹಪ್ರವೇಶಕ್ಕ ಮಂದಿ ಬರ್ತಾರ. ಹಿರಿಮಗಳೆಲ್ಲಿ ಅಂದ್ರ ನಾ ಏನನ್ನಲೇ?"

"ಮನ್ಯಾಗ ಅದಾಳ ಅನ್ನು," ಎಂದಳು ಹಾಲಮ್ಮ. "ಎರಡು ಮನಿ ಆದುವಲ್ಲವ್ವ. ಈ ಕಡೆ ಕೇಳಿದವರಿಗೆ ಆ ಕಡೆ ಅದಾಳ ಅನ್ನು. ಆ ಕಡೆ ಕೇಳಿದವರಿಗೆ ಈ ಕಡೆ ಅದಾಳ ಅನ್ನು."

ಟ್ರ್ಯಾಕ್ಟರ್ ಹೊಗೆ ಬಿಟ್ಟು ರಸ್ತೆಗೆ ಏರಿತು. ಶಿವಬಸಮ್ಮ ಅದು ತಿರುವು ದಾಟುವವರೆಗೆ ನಿಂತಿದ್ದು, ಸೆರಗಿನಿಂದ ಮುಖ ಒರೆಸಿಕೊಂಡು ಹೊಸ ಮನೆಯ ಕಡೆ ನಡೆದಳು. ಒಳಗೆ ತನ್ನ ಕಡೆಯ ಗೋಡೆಗೆ ನೀರು ಹಾಕುತ್ತಿದ್ದ ಸುಮಲತಾ ಹೆಜ್ಜೆಯ ಸಪ್ಪಳ ಕೇಳಿ ಕೂಗಿದಳು.

"ಅತ್ತಿ, ಅಕ್ಕಾರು ಬಂದಿದ್ರಲ್ಲ, ಎಲ್ಲಿ ಹೋದ್ರು?"

ಶಿವಬಸಮ್ಮ ಹೊಸಿಲಿಲ್ಲದ ಬಾಗಿಲಲ್ಲಿ ನಿಂತಳು.

"ಆ ಕಡೆ ಅದಾಳ," ಎಂದಳು.